ಸಿಪಿಎಲ್ ಆಯ್ತು, ಮುಂದಿನ ಕೋರ್ಸ್ ಯಾವುದು?

2023ರ ಆಗಸ್ಟ್ 31ರಂದು ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಗೆ ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಆಮೇಲೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ನನ್ನನ್ನು ಕೇಳುವ ಪ್ರಶ್ನೆಯೇ ಬದಲಾಗಿದೆ. ಮೊದಲೆಲ್ಲ "ಪೈಲಟ್ ಆಗೋಕೆ ಏನು ಓದಬೇಕು?" ಅಂತಿದ್ದರು. ಈಗ "ಸರ್, ಮಗಳಿಗೆ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಆಯ್ತು, ಟೈಪ್ ರೇಟಿಂಗ್ ಮಾಡಿಸಿಬಿಡೋಣ್ವಾ?" ಅಂತಾರೆ. ನನ್ನ ಉತ್ತರ ಸಾಮಾನ್ಯವಾಗಿ ಒಂದೇ. ಯಾವ ಏರ್‌ಲೈನ್ ಎಂದು ಗೊತ್ತಾಗುವವರೆಗೆ ಅದಕ್ಕೆ ದುಡ್ಡು ಕಟ್ಟಬೇಡಿ.

ಸಿಪಿಎಲ್ ಸಿಗಲು ಕನಿಷ್ಠ 200 ಗಂಟೆ ಹಾರಿರಬೇಕು. ಅದರಲ್ಲಿ ಹೆಚ್ಚಿನ ಪಾಲು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. ಟೈಪ್ ರೇಟಿಂಗ್ ಅಂದರೆ ಒಂದು ನಿರ್ದಿಷ್ಟ ದೊಡ್ಡ ವಿಮಾನ ಹಾರಿಸಲು ಸಿಗುವ ಅರ್ಹತೆ. ಏರ್‌ಬಸ್ 320ಕ್ಕೆ ಮಾಡಿದ್ದು ಬೋಯಿಂಗ್ 737ಕ್ಕೆ ನಡೆಯುವುದಿಲ್ಲ. ಎಟಿಆರ್ 72ರದ್ದು ಮತ್ತೆ ಬೇರೆ. ಆಕಾಸ ಏರ್‌ನವರ ಬಳಿ ಇರುವುದೆಲ್ಲ 737. ನೀವು 320 ಮಾಡಿಕೊಂಡು ಕೂತಿದ್ದಾಗ ಅವರು ಕರೆದರೆ? ಹೆಣ್ಣು ನೋಡುವ ಮೊದಲೇ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಹಾಗಾಗುತ್ತದೆ. ಇನ್ನೊಂದು ವಿಷಯ, ಇದು ಒಮ್ಮೆ ಮಾಡಿ ಬೀರುವಿನಲ್ಲಿ ಇಡುವ ಸರ್ಟಿಫಿಕೇಟ್ ಅಲ್ಲ. ಹಾರದೆ ಮನೆಯಲ್ಲಿ ಕೂತರೆ ಮತ್ತೆ ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟದ ಅನುಭವ ಕೊಡುವ ಯಂತ್ರ, ಹತ್ತಿ ಪರೀಕ್ಷೆ ಕೊಡಬೇಕು. ಅದಕ್ಕೆ ಮತ್ತೆ ದುಡ್ಡು. ಅಡಿಕೆಗೆ ಒಳ್ಳೆ ರೇಟ್ ಬಂದ ವರ್ಷ ಕೈಯಲ್ಲಿ ಹಣ ಇದೆ ಅಂತ ಕಟ್ಟಿಬಿಡುವವರನ್ನು ನೋಡುತ್ತಲೇ ಇರುತ್ತೇನೆ. ಹೌದು, ಕೆಲವು ಸಲ ಏರ್‌ಲೈನ್‌ಗಳು ಟೈಪ್ ರೇಟಿಂಗ್ ಇದ್ದವರನ್ನೇ ಕರೆಯುತ್ತವೆ. ಆಗ ಲೆಕ್ಕ ಬೇರೆ. ಆದರೆ ಆ ಜಾಹೀರಾತು ಕಣ್ಣೆದುರು ಇರಬೇಕು. ಏಜೆಂಟ್ ಹೇಳಿದ ಮಾತು ಸಾಲದು.

ಹಾಗಾದರೆ ಖರ್ಚು ಎಲ್ಲಿ ಮಾಡಬೇಕು? ನನ್ನನ್ನು ಕೇಳಿದರೆ ಎಂಸಿಸಿಗೆ, ಅಂದರೆ ಇಬ್ಬರು ಪೈಲಟ್‌ಗಳು ಸೇರಿ ಕೆಲಸ ಮಾಡುವುದನ್ನು ಕಲಿಸುವ ಕೋರ್ಸಿಗೆ. ತರಬೇತಿಯಲ್ಲಿ ಎಲ್ಲ ನಿರ್ಧಾರ ನಿಮ್ಮದೇ ಆಗಿರುತ್ತದೆ. ಏರ್‌ಲೈನ್‌ನಲ್ಲಿ ಪಕ್ಕದಲ್ಲಿ ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರು ಕೂತಿರುತ್ತಾರೆ. ಅವರಿಗೆ "ಸರ್, ಇದು ಸರಿಯಿಲ್ಲ" ಅಂತ ಹೇಳಲು ಬರಬೇಕು. ನಮ್ಮ ಮಲೆನಾಡಿನ ಹುಡುಗರಿಗೆ ಇದು ಸ್ವಲ್ಪ ಕಷ್ಟವೇ. ಹಿರಿಯರಿಗೆ ಎದುರಾಡಬಾರದು ಅಂತ ಬೆಳೆದವರು ಅಲ್ವಾ.

2010ರ ಮೇ 22ರ ಮಂಗಳೂರು ದುರಂತ ನೆನಪಿದೆಯಲ್ಲ? 158 ಜನ ತೀರಿಕೊಂಡರು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ರನ್‌ವೇ ಕಡೆಗೆ ಬಂತು. ಸಹ ಪೈಲಟ್ ಮೂರು ಸಲ ಗೋ-ಅರೌಂಡ್ ಎಂದರು, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲಕ್ಕೆ ಹೋಗೋಣ ಎಂದು. ಕ್ಯಾಪ್ಟನ್ ಇಳಿಸಲು ಮುಂದುವರಿದರು. ಹೇಳುವುದು ಹೇಗೆ, ಹೇಳಿದ್ದನ್ನು ಕೇಳುವುದು ಹೇಗೆ, ಕೇಳದಿದ್ದರೆ ಮುಂದೇನು, ಇವನ್ನೇ ಎಂಸಿಸಿಯಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಯುರೋಪಿನ ಸಾಮಾನ್ಯ ಎಂಸಿಸಿಯಲ್ಲಿ 20 ಗಂಟೆ ಸಿಮ್ಯುಲೇಟರ್ ಇರುತ್ತದೆ. ಎಪಿಎಸ್ ಎಂಸಿಸಿ ಎಂಬ ದೊಡ್ಡ ಕೋರ್ಸಿನಲ್ಲಿ 40. ಇಲ್ಲಿ ಯಾರಾದರೂ ಎರಡೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎಂದರೆ ಆ ಕಡೆ ತಲೆ ಹಾಕಬೇಡಿ.

ಎರಡನೆಯದು ಯುಪಿಆರ್‌ಟಿ. ವಿಮಾನ ಹಿಡಿತ ತಪ್ಪಿದಾಗ ಮತ್ತೆ ಹತೋಟಿಗೆ ತರುವ ತರಬೇತಿ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ಗೆ ಬಿದ್ದು 228 ಜನ ಸತ್ತರು. ಮಂಜುಗಡ್ಡೆಯಿಂದಾಗಿ ವೇಗದ ಮಾಪಕ ಕೈಕೊಟ್ಟಿತು. ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆಗೆ ಎತ್ತುವ ಬಲ ಸಾಲದೆ ಬೀಳತೊಡಗಿತು. ಮೂತಿ ಕೆಳಗೆ ಮಾಡಬೇಕಿದ್ದಲ್ಲಿ ಮೇಲಕ್ಕೇ ಎಳೆದು ಹಿಡಿದರು. ಯುರೋಪಿನಲ್ಲಿ 2019ರ ಡಿಸೆಂಬರ್‌ನಿಂದ, ಇಬ್ಬರು ಪೈಲಟ್‌ಗಳ ವಿಮಾನಕ್ಕೆ ಮೊದಲ ಟೈಪ್ ರೇಟಿಂಗ್ ಮಾಡುವ ಮುನ್ನ ಈ ಕೋರ್ಸ್ ಕಡ್ಡಾಯ. ಕನಿಷ್ಠ 5 ಗಂಟೆ ಪಾಠ, 3 ಗಂಟೆ ನಿಜವಾದ ವಿಮಾನದಲ್ಲಿ ಹಾರಾಟ. ನಿಜವಾದ ವಿಮಾನ ಎನ್ನುವುದೇ ಮುಖ್ಯ. ಹೊಟ್ಟೆ ತೊಳೆಸುವುದು, ಮೈ ಭಾರವಾಗುವುದು, ಗಾಬರಿ, ಇವು ಸಿಮ್ಯುಲೇಟರ್‌ನಲ್ಲಿ ಹಾಗೇ ಸಿಗುವುದಿಲ್ಲ.

ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಾಗ ಮಾಪಕಗಳನ್ನು ನೋಡಿಯೇ ಹಾರಿಸುವ ಅರ್ಹತೆ, ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಜುಲೈನಲ್ಲಿ ಒಮ್ಮೆ ಆಗುಂಬೆ ಕಡೆ ಮುಖ ಮಾಡಿ ಆಕಾಶ ನೋಡಿ, ಅದು ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಅದನ್ನು ಲ್ಯಾಪ್ಸ್ ಆಗಲು ಬಿಡಬೇಡಿ, ಅಷ್ಟೇ. ಜೆಟ್ ವಿಮಾನದ ಪರಿಚಯ ಮಾಡಿಸುವ ಜೆಟ್ ಓರಿಯೆಂಟೇಶನ್ ಕೋರ್ಸ್ ನಿಮ್ಮ ಲೈಸೆನ್ಸಿಗೆ ಏನನ್ನೂ ಸೇರಿಸುವುದಿಲ್ಲ. ಆದರೆ ಏರ್‌ಲೈನ್‌ನ ಸಿಮ್ಯುಲೇಟರ್ ಪರೀಕ್ಷೆಗೆ ಕೈ ಪಳಗುತ್ತದೆ. ಪರೀಕ್ಷೆಯ ದಿನಾಂಕ ಬಂದ ಮೇಲೆ ಮಾಡಿ. ವರ್ಷದ ಮೊದಲೇ ಮಾಡಿದರೆ ಮರೆತುಹೋಗಿರುತ್ತದೆ. ಏವಿಯೇಷನ್ ಎಂಬಿಎ ಈ ಹಂತದಲ್ಲಿ ಸುಮ್ನೆ.

ಕೆಲಸದ ಕರೆ ತಡವಾದರೆ ಇನ್‌ಸ್ಟ್ರಕ್ಟರ್ ರೇಟಿಂಗ್ ಯೋಚಿಸಿ. ನಮ್ಮ ಕಡೆ ಇದನ್ನು ಯಾಕೋ ಎರಡನೇ ದರ್ಜೆ ಅಂದುಕೊಳ್ಳುತ್ತಾರೆ. ಆದರೆ ಗಂಟೆಗಳು ಸೇರುತ್ತವೆ, ಸಂಬಳ ಬರುತ್ತದೆ, ಕೈ ತುಕ್ಕು ಹಿಡಿಯುವುದಿಲ್ಲ. ಪಾಠ ಹೇಳಿಕೊಟ್ಟವರು ಇಂಟರ್‌ವ್ಯೂನಲ್ಲಿ ತಡವರಿಸುವುದೂ ಕಡಿಮೆ.

ಇನ್ನು ಟೈಪ್ ರೇಟಿಂಗ್ ಶುಲ್ಕದ ಮಾತು. ಸಿಮ್ಯುಲೇಟರ್ ಅತ್ಯುನ್ನತ ದರ್ಜೆಯ ಲೆವೆಲ್ ಡಿ ಆಗಿದೆಯಾ? ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಅನುಮೋದನೆ ಪತ್ರದ ಅವಧಿ ಮುಗಿದಿಲ್ಲ ತಾನೆ? ನಿಜವಾದ ವಿಮಾನದಲ್ಲಿ ಇಳಿಸಿ ಹತ್ತಿಸುವ ಬೇಸ್ ಟ್ರೈನಿಂಗ್ ಈ ಮೊತ್ತದಲ್ಲೇ ಸೇರಿದೆಯಾ? ಪರೀಕ್ಷೆಯಲ್ಲಿ ಫೇಲ್ ಆದರೆ ಹೆಚ್ಚುವರಿ ಸೆಷನ್‌ಗೆ ಎಷ್ಟು? ಇವಿಷ್ಟಕ್ಕೂ ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಪೂರ್ತಿ ಹಣ ಮುಂಗಡವಾಗಿ ಕೇಳಿದರೆ ಕಂತು ಮಾಡಿಕೊಡಿ ಎನ್ನಿ. ಒಪ್ಪದಿದ್ದರೆ ಅಲ್ಲಿ ಈಗಾಗಲೇ ಕಲಿತವರಿಬ್ಬರ ನಂಬರ್ ಪಡೆದು ಮಾತಾಡಿ, ಆಮೇಲೆ ಚೆಕ್ ಬರೆಯಿರಿ.