ಥರ್ಟಿ ಓ ಸಿಕ್ಸ್: ಹೊಸ್ತಿಲಲ್ಲಿ ನಿಂತ ಒಂದು ಸಂಖ್ಯೆ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಅಪ್ಪ-ಅಮ್ಮಂದಿರಲ್ಲಿ ಹಲವರು ಈ ಬೋರ್ಡನ್ನು ನೋಡಿರುತ್ತಾರೆ. ಅಂಗಡಿಯದೋ ಆಸ್ಪತ್ರೆಯದೋ ಗಾಜಿನ ಬಾಗಿಲು. ಅದರ ಮೇಲೆ ದಪ್ಪಕ್ಷರದಲ್ಲಿ ಎರಡು ಉದ್ದನೆಯ ಪ್ಯಾರಾ. ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಸ್ಪ್ಯಾನಿಷಿನಲ್ಲಿ. ಓದಲು ನಿಂತರೆ ಕಲಮು, ಅಧ್ಯಾಯ, ಉಪಅಧ್ಯಾಯ ಎಂದು ಕೋರ್ಟಿನ ಕಾಗದದ ಹಾಗೆ ಸಾಗುತ್ತದೆ. ಹೇಳುವುದು ಮಾತ್ರ ಇಷ್ಟೇ: ಲೈಸೆನ್ಸ್ ಇದ್ದರೂ ಸರಿ, ಬಟ್ಟೆಯೊಳಗೆ ಪಿಸ್ತೂಲು ಮರೆಸಿಕೊಂಡು ಇಲ್ಲಿಗೆ ಬರಬೇಡಿ.

ಟೆಕ್ಸಾಸಿನ ಬಂದೂಕುದಾರರ ಬಾಯಲ್ಲಿ ಇದರ ಹೆಸರು ‘ಥರ್ಟಿ ಓ ಸಿಕ್ಸ್’. ಆ ರಾಜ್ಯದ ದಂಡ ಸಂಹಿತೆಯ 30.06ನೇ ಕಲಮಿನಿಂದ ಬಂದ ಹೆಸರು. 1906ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಒಂದು ಪ್ರಸಿದ್ಧ ರೈಫಲ್ ತೋಟಾಕ್ಕೂ ಇದೇ ಅಂಕಿಗಳು ಅಂಟಿಕೊಂಡಿವೆ, ಹಾಗಾಗಿ ಬಂದೂಕು ಬಲ್ಲವರಿಗೆ ಕಲಮಿನ ಸಂಖ್ಯೆ ಬಹು ಬೇಗ ನಾಲಿಗೆಗೆ ಹತ್ತಿತು. ‘ಆ ಅಂಗಡಿ ಪೋಸ್ಟೆಡ್’ ಎಂದು ಯಾರಾದರೂ ಹೇಳಿದರೆ, ಅದರ ಬಾಗಿಲಿಗೆ ಈ ಬೋರ್ಡು ಬಿದ್ದಿದೆ ಎಂದರ್ಥ. ಪೇಟೆಗೆ ಹೊರಡುವ ಮುಂಚೆ ಯಾವುದು ಪೋಸ್ಟೆಡ್, ಯಾವುದು ಅಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವವರಿದ್ದಾರೆ.

ಇಲ್ಲಿ ‘ಕ್ಯಾರಿ’ ಎಂಬ ಮಾತನ್ನು ಬಿಡಿಸಿಕೊಳ್ಳಬೇಕು. ಬಂದೂಕಿಗೆ ಮನೆಯ ಆಚಾರದಲ್ಲೇ ಜಾಗ ಕೊಟ್ಟ ಜನ ನಮ್ಮಲ್ಲೂ ಇದ್ದಾರೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಆದರೆ ಆ ಕೋವಿಯ ಜಾಗ ಮನೆ, ತೋಟ, ಹಬ್ಬ. ಟೆಕ್ಸಾಸಿನವರು ಕ್ಯಾರಿ ಎನ್ನುವುದು ಬೇರೆಯದನ್ನೇ: ಹಾಲು ತರಲು, ಕ್ಷೌರಕ್ಕೆ, ಮಗುವಿನ ಬೂಟು ಕೊಳ್ಳಲು ಹೋಗುವಾಗಲೂ ಪಿಸ್ತೂಲು ಸೊಂಟದಲ್ಲಿರುವುದು. ಪರ್ಸು, ಬೀಗದ ಕೈ, ಫೋನು ಇದ್ದ ಹಾಗೆ ಅದೂ ಒಂದು. ಹೀಗೆ ಬದುಕುವವರನ್ನು ಬಾಗಿಲಲ್ಲಿ ತಡೆದು ‘ಅದನ್ನು ಬಿಟ್ಟು ಬನ್ನಿ’ ಎಂದರೆ, ಅವರ ಕಿವಿಗೆ ಅದು ‘ನಿಮ್ಮ ಮೇಲೆ ನನಗೆ ನಂಬಿಕೆಯಿಲ್ಲ’ ಎಂದು ಕೇಳಿಸುತ್ತದೆ. ಸಿಟ್ಟಿನ ಬೇರು ಇರುವುದು ಇಲ್ಲಿ.

ಆ ಬೇರಿಗೆ ಒಂದು ತಾರೀಖೂ ಇದೆ. 1991ರ ಅಕ್ಟೋಬರ್ 16ರಂದು ಟೆಕ್ಸಾಸಿನ ಕಿಲೀನ್ ಊರಿನ ಲೂಬೀಸ್ ಎಂಬ ಊಟದ ಮನೆಗೆ ಒಬ್ಬ ತನ್ನ ವಾಹನವನ್ನು ಗೋಡೆ ಒಡೆದು ನುಗ್ಗಿಸಿ, ಇಳಿದು, ಗುಂಡು ಹಾರಿಸುತ್ತ ಹೋದ. 23 ಜನ ಸತ್ತರು. ಸುಜಾನಾ ಹಪ್ ಅಂದು ತಂದೆ-ತಾಯಿಯ ಜೊತೆ ಊಟಕ್ಕೆ ಕೂತಿದ್ದರು. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು, ಯಾಕೆಂದರೆ ಮರೆಸಿ ಒಯ್ಯುವುದು ಅಂದಿನ ಕಾನೂನಿನಲ್ಲಿ ಅಪರಾಧ. ತಂದೆ-ತಾಯಿ ಇಬ್ಬರೂ ಆ ಹತ್ಯೆಯಲ್ಲಿ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಅವರು ಊರೂರಿಗೆ, ಶಾಸನಸಭೆಗಳಿಗೆ ಹೋಗಿ ಇದನ್ನೇ ಹೇಳಿದರು; 1996ರಲ್ಲಿ ತಾವೇ ಶಾಸಕಿಯಾದರು. ಅಷ್ಟರಲ್ಲಿ, 1995ರಲ್ಲಿ, ಗವರ್ನರ್ ಜಾರ್ಜ್ ಬುಷ್ ಸಹಿಯೊಂದಿಗೆ ಲೈಸೆನ್ಸ್ ಪಡೆದು ಪಿಸ್ತೂಲು ಒಯ್ಯುವ ಕಾನೂನು ಬಂದಿತ್ತು. ಅವರ ನೋವಿನ ಮುಂದೆ ವಾದ ಹೂಡುವ ಮನಸ್ಸು ನನಗಿಲ್ಲ. ಒಂದನ್ನು ಮಾತ್ರ ಬೇರ್ಪಡಿಸಿ ಹೇಳಬೇಕು: ಅಂದು ಪಿಸ್ತೂಲು ಕಾರಿನಲ್ಲಿ ಉಳಿದದ್ದು ಸರ್ಕಾರದ ಕಾನೂನಿನಿಂದ. ಅಂಗಡಿಯವನ ಬೋರ್ಡಿನ ಪ್ರಶ್ನೆ ಹುಟ್ಟಿದ್ದು ಆ ಕಾನೂನು ಸಡಿಲವಾದ ಮೇಲೆ.

ಹೊಸ ಕಾನೂನು ಬಂದದ್ದೇ ತಡ, ಎಷ್ಟೋ ಅಂಗಡಿಗಳು ಪಿಸ್ತೂಲಿನ ಚಿತ್ರದ ಮೇಲೆ ಕೆಂಪು ಗೀಟೆಳೆದ ಸಣ್ಣ ಸ್ಟಿಕ್ಕರು ಅಂಟಿಸಿದವು. ಇದಕ್ಕೆ ಬಂದೂಕುದಾರರು ಇಟ್ಟ ಹೆಸರು ‘ಗನ್‌ಬಸ್ಟರ್’. 1997ರಲ್ಲಿ ಶಾಸನಸಭೆ 30.06ನೇ ಕಲಮನ್ನು ಸೇರಿಸಿ, ಲೈಸೆನ್ಸುದಾರರನ್ನು ತಡೆಯಲು ಬೋರ್ಡು ಹೀಗೀಗೇ ಇರಬೇಕೆಂದು ಗೊತ್ತುಮಾಡಿತು. ಕಾನೂನಿನಲ್ಲಿರುವ ಅದೇ ಒಕ್ಕಣೆ, ಎರಡೂ ಭಾಷೆಗಳಲ್ಲಿ. ಅಕ್ಷರಗಳು ಕನಿಷ್ಠ ಒಂದು ಅಂಗುಲ ಎತ್ತರ. ಹಿನ್ನೆಲೆಗೆ ಎದ್ದು ಕಾಣುವ ಬಣ್ಣ. ಬರುವವರಿಗೆಲ್ಲ ಸ್ಪಷ್ಟವಾಗಿ ಕಾಣುವ ಜಾಗ. ಅಷ್ಟುದ್ದದ ಒಕ್ಕಣೆಯನ್ನು ಅಂಗುಲದ ಅಕ್ಷರದಲ್ಲಿ ಎರಡು ಸಲ ಬರೆದರೆ ಬಾಗಿಲಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. 2016ರ ಜನವರಿ 1ರಿಂದ ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಧರಿಸುವುದಕ್ಕೂ ಅನುಮತಿ ಬಂತು. ಅದನ್ನು ತಡೆಯಲು 30.07 ಎಂಬ ಎರಡನೇ ಬೋರ್ಡು. 2021ರ ಸೆಪ್ಟೆಂಬರ್ 1ರಿಂದ, 21 ದಾಟಿದ ಅರ್ಹರಿಗೆ ಲೈಸೆನ್ಸೇ ಬೇಡವಾಯಿತು, ಅವರಿಗಾಗಿ 30.05ರ ಮೂರನೇ ಬೋರ್ಡು. ‘ನನ್ನ ಅಂಗಡಿಯಲ್ಲಿ ಬಂದೂಕು ಬೇಡ’ ಎಂಬ ಮೂರು-ನಾಲ್ಕು ಪದದ ಇಚ್ಛೆಯನ್ನು ಒಬ್ಬ ಟೆಕ್ಸಾಸ್ ವ್ಯಾಪಾರಿ ಪೂರ್ತಿಯಾಗಿ ಹೇಳಬೇಕಾದರೆ ಇಂದು ಮೂರು ಬೋರ್ಡು ಬೇಕು. ಚಿಕ್ಕ ವ್ಯಾಪಾರಿಯ ಮೇಲೆ ಇದು ಅನ್ಯಾಯದ ಹೊರೆ ಎಂದೇ ನನ್ನ ಅಭಿಪ್ರಾಯ.

ಬೋರ್ಡು ಸರಿಯಾಗಿದ್ದು, ಕಂಡೂ ಒಳಹೊಕ್ಕರೆ ಅದು ಅತಿಕ್ರಮ ಪ್ರವೇಶ. ದಂಡ 200 ಡಾಲರಿನವರೆಗೆ. ಮುಖಾಮುಖಿ ಹೇಳಿದ ಮೇಲೂ ಹೊರಡದಿದ್ದರೆ ಅಪರಾಧದ ದರ್ಜೆ ಏರುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು.

ಒಂದೊಂದು ರಾಜ್ಯದಲ್ಲಿ ಬೋರ್ಡಿಗೆ ಒಂದೊಂದು ತೂಕ. ಫ್ಲಾರಿಡಾ, ಪೆನ್ಸಿಲ್ವೇನಿಯಾಗಳಲ್ಲಿ ಅಂಗಡಿಯ ಬೋರ್ಡನ್ನು ಮೀರಿದ್ದಷ್ಟಕ್ಕೇ ಬಂದೂಕಿನ ಕೇಸಾಗುವುದಿಲ್ಲ. ಹೊರಗೆ ಹೋಗಿ ಎಂದಾಗ ಹೋಗದಿದ್ದರೆ ಮಾತ್ರ ತೊಂದರೆ. ಮಿನೆಸೋಟಾದ ಕಾನೂನು ಏರಿಯಲ್ ಎಂಬ ಅಕ್ಷರಶೈಲಿಯನ್ನೇ ಹೆಸರಿಸಿ, ಒಂದೂವರೆ ಅಂಗುಲ ಎತ್ತರ, ಕನಿಷ್ಠ 187 ಚದರ ಅಂಗುಲದ ಹಿನ್ನೆಲೆ ಎಂದು ಲೆಕ್ಕ ಕೊಡುತ್ತದೆ. ವಿಸ್ಕಾನ್ಸಿನ್ 2011ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಬೋರ್ಡು ಹಾಕದೆ ಬಂದೂಕಿಗೆ ಅವಕಾಶ ಕೊಟ್ಟ ಮಾಲೀಕನ ಮೇಲೆ ಆ ತೀರ್ಮಾನಕ್ಕಾಗಿ ನಷ್ಟ ಪರಿಹಾರದ ದಾವೆ ನಿಲ್ಲದಂತೆ ರಕ್ಷಣೆ. ಅಲ್ಲಿ ಬೋರ್ಡು ಬೇಡ ಎನ್ನುವವರು ಅಂಗಡಿಯವರ ಮುಂದಿಡುವ ಮೊದಲ ಮಾತು ಇದು.

ಹೀಗಾಗಿ ಬಾಗಿಲ ಮುಂದೆ ನಿಂತ ಬಂದೂಕುದಾರ ಮೊದಲು ಬೋರ್ಡನ್ನು ಅಳೆಯುತ್ತಾನೆ. ಅಕ್ಷರ ಚಿಕ್ಕದೇ, ಸ್ಪ್ಯಾನಿಷ್ ಬಿಟ್ಟಿದ್ದಾರೆಯೇ, ಬರೀ ಗನ್‌ಬಸ್ಟರ್ ಸ್ಟಿಕ್ಕರೇ? ತಪ್ಪಿದ್ದರೆ ‘ಇನ್‌ವ್ಯಾಲಿಡ್’ ಎಂದು ಒಳಗೆ ನಡೆಯುವವರಿದ್ದಾರೆ. ಅಕ್ಷರಶಃ ಕಾನೂನು ಅವರ ಕಡೆಗಿದೆ. ಆದರೆ ಆ ಸ್ಟಿಕ್ಕರು ನೋಡಿದ ಯಾರಿಗೂ ಮಾಲೀಕನ ಮನಸ್ಸು ಅರ್ಥವಾಗದೆ ಇರದು.

ಇನ್ನು ಕೆಲವರು ಬೋರ್ಡು ಸರಿಯಿದ್ದರೂ ಲೆಕ್ಕಿಸುವುದಿಲ್ಲ. ಅವರ ಮಂತ್ರ ‘ಕನ್ಸೀಲ್ಡ್ ಈಸ್ ಕನ್ಸೀಲ್ಡ್’. ಮರೆಸಿದ್ದು ಮರೆಸಿದ್ದೇ, ಕಾಣದಿದ್ದರೆ ಯಾರಿಗೇನು ನಷ್ಟ ಎಂಬುದು ಇದರ ಭಾವ. ಅಂಗಿಯ ಮೇಲೆ ಪಿಸ್ತೂಲಿನ ಆಕಾರ ಮೂಡುವುದಕ್ಕೆ ‘ಪ್ರಿಂಟಿಂಗ್’ ಎನ್ನುತ್ತಾರೆ. ಪ್ರಿಂಟ್ ಆಗದಿದ್ದರೆ ಸಾಕು ಎಂದು ಇವರ ಸಮಾಧಾನ. ನನಗೆ ಅತ್ಯಂತ ಒಪ್ಪಿಗೆಯಾಗದ ಪ್ರತಿಕ್ರಿಯೆ ಇದು. ತನ್ನ ಸೂರಿನಡಿ ಏನಿರಬೇಕೆಂದು ಹೇಳುವ ಹಕ್ಕನ್ನು ಅಂಗಡಿಯವನಿಂದ ಅವನಿಗೇ ಗೊತ್ತಾಗದಂತೆ ಕಸಿದುಕೊಂಡ ಹಾಗೆ.

ಮೂರನೆಯ ಬಗೆಯವರು ಹಿಂದಿರುಗುತ್ತಾರೆ. ಬೇರೆ ಅಂಗಡಿಗೆ ಹೋಗಿ, ಅಲ್ಲಿಯ ರಸೀದಿಯನ್ನು ಇಲ್ಲಿಗೆ ತಂದು ತೋರಿಸಿ, ‘ಈ ದುಡ್ಡು ನಿಮ್ಮದಾಗಬೇಕಿತ್ತು’ ಎನ್ನುವವರೂ ಉಂಟು. ಮ್ಯಾನೇಜರಿಗೆ ಕೊಡಲೆಂದೇ ಅಚ್ಚಾದ ಪುಟ್ಟ ಕಾರ್ಡುಗಳಿವೆ: ‘ನೋ ಗನ್ಸ್, ನೋ ಮನಿ’. ಬಂದೂಕು ಬೇಡವಾದರೆ ನಮ್ಮ ಹಣವೂ ನಿಮಗೆ ಬೇಡ. ಮಾತು ಒರಟು, ಆದರೂ ವ್ಯವಹಾರ ನೇರ. ಮಾಲೀಕ ತನ್ನ ಹಕ್ಕು ಚಲಾಯಿಸಿದ, ಗಿರಾಕಿ ತನ್ನದನ್ನು. ನನ್ನ ಗೌರವ ಇವರಿಗೆ.

ಪಿಸ್ತೂಲನ್ನು ಕಾರಿನಲ್ಲಿಟ್ಟು ಒಳಹೋಗುವವರೇನೂ ಕಡಿಮೆಯಿಲ್ಲ. ಆದರೆ ಕಾರಿನಿಂದ ಬಂದೂಕು ಕದಿಯುವುದು ಅಮೆರಿಕದ ನಗರಗಳಲ್ಲಿ ದೊಡ್ಡ ಪಿಡುಗು. ಸೊಂಟದಿಂದ ಬಿಚ್ಚುವುದು, ಪೆಟ್ಟಿಗೆಗೆ ಹಾಕುವುದು, ಮತ್ತೆ ಕಟ್ಟಿಕೊಳ್ಳುವುದು ಎಂದು ಪಾರ್ಕಿಂಗ್ ಜಾಗದಲ್ಲಿ ಗುಂಡು ತುಂಬಿದ ಆಯುಧವನ್ನು ಪದೇಪದೇ ಮುಟ್ಟುವುದರಲ್ಲೂ ಅಪಾಯವಿದೆ. ಬೋರ್ಡನ್ನು ವಿರೋಧಿಸುವವರ ವಾದಗಳಲ್ಲಿ ನನಗೆ ನಿಜಕ್ಕೂ ತೂಕದ್ದೆನಿಸುವುದು ಇದು. ಕಾರಿಗೆ ಬಿಗಿದ ಉಕ್ಕಿನ ಪೆಟ್ಟಿಗೆಯೊಂದು ಅದಕ್ಕೆ ಅರ್ಧ ಉತ್ತರ.

‘ಗನ್-ಫ್ರೀ ಜೋನ್’ ಎಂಬ ವಿಶಾಲ ಪದ ಶಾಲೆಗಳ ಕಡೆಯಿಂದ ಬಂದದ್ದು. 1990ರ ಒಕ್ಕೂಟ ಕಾನೂನು ಶಾಲೆಯ ಸುತ್ತ 1,000 ಅಡಿಯೊಳಗೆ ಬಂದೂಕು ನಿಷೇಧಿಸಿತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗ ಸಂಸತ್ತು ಮರುವರ್ಷವೇ ತಿದ್ದಿ ಮತ್ತೆ ತಂದಿತು. ಬಂದೂಕುದಾರರು ಈ ಪದವನ್ನು ತಿರುಗಿಸಿ ‘ವಿಕ್ಟಿಮ್ ಡಿಸಾರ್ಮಮೆಂಟ್ ಜೋನ್’ ಎನ್ನುತ್ತಾರೆ, ಬಲಿಯಾಗುವವರ ಕೈಯಿಂದಲೇ ಆಯುಧ ಕಸಿದ ಜಾಗ ಎಂದು. ಕೊಲ್ಲಲು ಬಂದವನು ಬೋರ್ಡು ಓದಿ ನಿಲ್ಲುವನೇ ಎಂಬುದು ಅವರ ಪ್ರಶ್ನೆ. ನಿಲ್ಲುವುದಿಲ್ಲ, ನಿಜ. ಆದರೆ ಅಂಗಡಿಯವನು ಬೋರ್ಡು ಹಾಕುವುದು ಅಂಥವನೊಬ್ಬನಿಗಾಗಿ ಮಾತ್ರವಲ್ಲ. ಕೈತಪ್ಪಿ ಹಾರುವ ಗುಂಡು, ಸಾಲಿನಲ್ಲಿ ಹುಟ್ಟುವ ಜಗಳ, ಕೌಂಟರಿನಲ್ಲಿ ದಿನವಿಡೀ ನಿಲ್ಲುವ ಹುಡುಗಿಯ ಅಳುಕು, ಇವೂ ಅವನ ಲೆಕ್ಕದಲ್ಲಿರುತ್ತವೆ.

ದೊಡ್ಡ ಕಂಪನಿಗಳು ಈ ಎರಡು ಕಡೆಯವರ ನಡುವೆ ಸಿಕ್ಕಿ ಕಂಡುಕೊಂಡ ಮಾತು ‘ವಿನಂತಿ’. ಸ್ಟಾರ್‌ಬಕ್ಸ್ ಮೊದಲು ಆಯಾ ರಾಜ್ಯದ ಕಾನೂನಿನಂತೆ ಎನ್ನುತ್ತಿತ್ತು. ಅದಕ್ಕೆ ಮೆಚ್ಚಿ ಬಂದೂಕುದಾರರು ಸೊಂಟಕ್ಕೆ ಪಿಸ್ತೂಲು ಕಟ್ಟಿ ಕಾಫಿ ಕುಡಿಯಲು ಹೋಗುವ ಮೆಚ್ಚುಗೆಯ ದಿನಗಳನ್ನೇ ಮಾಡಿದರು. ಬಂದೂಕಿನ ಹಕ್ಕು ಹೇಳುವ ಸಂವಿಧಾನದ ಎರಡನೇ ತಿದ್ದುಪಡಿಯ ನೆನಪಿಗೆ ಎರಡು ಡಾಲರಿನ ನೋಟು ಕೊಟ್ಟವರೂ ಇದ್ದರು. 2013ರ ಸೆಪ್ಟೆಂಬರಿನಲ್ಲಿ ಮುಖ್ಯಸ್ಥ ಹೊವರ್ಡ್ ಶುಲ್ಟ್ಸ್ ಬಹಿರಂಗ ಪತ್ರ ಬರೆದು, ದಯವಿಟ್ಟು ಬಂದೂಕು ತರಬೇಡಿ ಎಂದು ಕೇಳಿಕೊಂಡರು. ನಿಷೇಧವಲ್ಲ, ವಿನಂತಿ, ನಿಷೇಧಿಸಿದರೆ ಆಯುಧ ಹೊತ್ತವರನ್ನು ತಡೆಯುವ ಕೆಲಸ ನಮ್ಮ ನೌಕರರ ತಲೆಗೆ ಬರುತ್ತದೆ ಎಂದು ಕಾರಣವನ್ನೂ ಕೊಟ್ಟರು. ಇಡೀ ಚರ್ಚೆಯಲ್ಲಿ ಕೌಂಟರಿನವರನ್ನು ನೆನೆದ ಮಾತೆಂದು ನನಗೆ ಇದು ಮುಖ್ಯ.

2014ರಲ್ಲಿ ಟೆಕ್ಸಾಸಿನ ಕೆಲವರು ಉದ್ದನೆಯ ರೈಫಲ್‌ಗಳನ್ನೇ ಹೆಗಲಿಗೇರಿಸಿ ಅಂಗಡಿ, ಹೋಟೆಲುಗಳಿಗೆ ಹೋದರು. ಚಿಪೋಟ್ಲೆ, ಟಾರ್ಗೆಟ್ ಕಂಪನಿಗಳು ಬೇಡವೆಂದು ಕೇಳಿಕೊಂಡದ್ದು ಆಗ. ಬಂದೂಕುದಾರರ ಅತಿದೊಡ್ಡ ಸಂಘಟನೆಯಾದ ಎನ್‌ಆರ್‌ಎ ಕೂಡ ಆ ನಡವಳಿಕೆಯನ್ನು ವಿಚಿತ್ರವೆಂದು ಟೀಕಿಸಿ, ತನ್ನವರೇ ಮುನಿದಾಗ ಆ ಮಾತನ್ನು ಹಿಂತೆಗೆದುಕೊಂಡಿತು. 2019ರ ಆಗಸ್ಟ್ 3ರಂದು ಎಲ್ ಪಾಸೊದ ವಾಲ್‌ಮಾರ್ಟಿನಲ್ಲಿ 23 ಜನರನ್ನು ಬಲಿ ತೆಗೆದುಕೊಂಡ ಗುಂಡಿನ ದಾಳಿ ನಡೆಯಿತು. ಒಂದು ತಿಂಗಳ ಬಳಿಕ ಆ ಕಂಪನಿ, ಬಂದೂಕನ್ನು ಕಾಣುವಂತೆ ಧರಿಸಿ ಬರಬೇಡಿ ಎಂದು ಕೋರಿತು. ಲೈಸೆನ್ಸಿದ್ದು ಮರೆಸಿ ಒಯ್ಯುವವರನ್ನು ಮುಟ್ಟಲಿಲ್ಲ. ಈ ವ್ಯತ್ಯಾಸವನ್ನು ಬಂದೂಕುದಾರರು ಬಹಳ ಸೂಕ್ಷ್ಮವಾಗಿ ಓದುತ್ತಾರೆ: ವಿನಂತಿ ಬಂದಿದೆ, ಬೋರ್ಡು ಬಿದ್ದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಹೊರಗಿನವರಿಗೆ ಒಂದು ಅನುಮಾನ ಉಳಿಯುತ್ತದೆ. ಬಂದೂಕು ಹಕ್ಕು ಸಂವಿಧಾನದಲ್ಲೇ ಇರುವಾಗ ಅಂಗಡಿಯವನು ತಡೆಯುವುದು ಹೇಗೆ? ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಮಾಲೀಕನನ್ನಲ್ಲ. ಬಂದೂಕುದಾರರಲ್ಲಿ ಬಹುಪಾಲು ಜನರಿಗೆ ಸ್ವಂತ ನೆಲದ ಹಕ್ಕೂ ಅಷ್ಟೇ ಪವಿತ್ರ. ದನ ಸಾಕುವ ತಮ್ಮ ಜಮೀನಿನ ಬೇಲಿಗೆ ‘ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ ಎಂದು ಬರೆದು ಹಾಕಿದವರೇ ಪೇಟೆಯಲ್ಲಿ ಇನ್ನೊಬ್ಬನ ಬೋರ್ಡಿನ ಮುಂದೆ ನಿಲ್ಲಬೇಕಾಗುತ್ತದೆ. ಅದಕ್ಕೇ 30.06ರ ಜಗಳ ಬಂದೂಕು ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ನಡುವಿನದಷ್ಟೇ ಅಲ್ಲ. ಬಂದೂಕುದಾರನ ಎದೆಯೊಳಗೇ ಎರಡು ಹಕ್ಕುಗಳು ಒಂದೇ ಹೊಸ್ತಿಲಲ್ಲಿ ಎದುರುಬದುರಾಗಿವೆ.

ನಮ್ಮವರಿಗೆ ಸಂಬಂಧಿಸಿದ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳ ಹೊರತು ಬಂದೂಕು ಇಟ್ಟುಕೊಳ್ಳುವುದನ್ನೇ ಒಕ್ಕೂಟ ಕಾನೂನು ನಿಷೇಧಿಸಿದೆ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತಡೆ ಇಲ್ಲ.

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ‘ಬ್ರೂಯೆನ್’ ತೀರ್ಪಿನಲ್ಲಿ, ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ಸಂವಿಧಾನದ ಹಕ್ಕು ಎಂದಿತು. ಅದಾದ ಮೇಲೆ ಹವಾಯಿ ಮತ್ತು ಇನ್ನೂ ಕೆಲವು ರಾಜ್ಯಗಳು ಬೋರ್ಡಿನ ತರ್ಕವನ್ನೇ ತಲೆಕೆಳಗು ಮಾಡಿದವು. ಟೆಕ್ಸಾಸಿನಲ್ಲಿ ಮಾಲೀಕ ‘ಬೇಡ’ ಎನ್ನದಿದ್ದರೆ ಒಯ್ಯಬಹುದು. ಹವಾಯಿಯ 2023ರ ಕಾನೂನಿನಲ್ಲಿ ಮಾಲೀಕ ‘ಬನ್ನಿ’ ಎನ್ನದಿದ್ದರೆ ಒಯ್ಯುವಂತಿಲ್ಲ. ಕರೆಯದೆ ಮನೆಯೊಳಗೆ ಕಾಲಿಡಲಾರದ ರಕ್ತಪಿಶಾಚಿಯ ಕಥೆಯಿಂದ ಇದಕ್ಕೆ ‘ವ್ಯಾಂಪೈರ್ ರೂಲ್’ ಎಂಬ ಹೆಸರು ಬಿತ್ತು. ಹವಾಯಿಯ ಬಂದೂಕುದಾರರು ಇದನ್ನು ಪ್ರಶ್ನಿಸಿ ಹೂಡಿದ ‘ವುಲ್ಫರ್ಡ್’ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ವಿಚಾರಣೆಗೆ ಎತ್ತಿಕೊಂಡಿತು. ಬೋರ್ಡೇ ಇಲ್ಲದ ಅಂಗಡಿಯ ಬಾಗಿಲು ಬಂದೂಕು ಹೊತ್ತು ಬಂದವನಿಗೆ ‘ಬಾ’ ಎನ್ನುತ್ತದೋ, ‘ಬೇಡ’ ಎನ್ನುತ್ತದೋ, ಅದನ್ನು ತೀರ್ಮಾನಿಸುವ ಅಧಿಕಾರ ರಾಜ್ಯಕ್ಕಿದೆಯೋ ಎಂಬುದು ಆ ಮೊಕದ್ದಮೆಯ ಪ್ರಶ್ನೆ.