ನುಚ್ಚಕ್ಕಿಯಷ್ಟು ಜೀವ, ಮೈತುಂಬ ಎಣ್ಣೆ

ನುಚ್ಚಕ್ಕಿ ನೋಡಿದ್ದೀರಲ್ವಾ? ಕ್ಯಾಲನಸ್ ಎಂಬ ಕಡಲಜೀವಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮೂರೋ ನಾಲ್ಕೋ ಮಿಲಿಮೀಟರ್. ಸಿಗಡಿಯ ದೂರದ ನೆಂಟ. ಮೈ ಗಾಜಿನ ಹಾಗೆ, ಒಳಗಿನದೆಲ್ಲ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದೇ ಉದ್ದಕ್ಕೆ ಮಲಗಿದ ಎಣ್ಣೆಯ ಚೀಲ. ವಸಂತದಲ್ಲಿ ಪಾಚಿ ಮೇಯ್ದು ಅದನ್ನು ತುಂಬಿಸಿಕೊಳ್ಳುತ್ತದೆ. ಆಮೇಲೆ ಆಳದ ಕತ್ತಲಿಗಿಳಿದು, ಏನೂ ತಿನ್ನದೆ, ಚಳಿಗಾಲವನ್ನು ಆ ಎಣ್ಣೆಯ ಮೇಲೇ ಕಳೆಯುತ್ತದೆ.

ಉತ್ತರ ಧ್ರುವದ ಹತ್ತಿರ, ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಕಾಂಗ್ಸ್‌ಫ್ಯೋರ್ಡ್ ಇದೆ. ಹಿಮನದಿ ಕೊರೆದ ಕಣಿವೆಯೊಳಗೆ ಸಮುದ್ರ ನುಗ್ಗಿದ ಜಾಗ. 2008ರಲ್ಲಿ ಶುರುವಾದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇರುವುದು ಇದರ ದಂಡೆಯಲ್ಲೇ. ಎಷ್ಟೋ ಫ್ಯೋರ್ಡ್‌ಗಳ ಬಾಯಲ್ಲಿ ನೀರಿನೊಳಗೆ ಒಂದು ದಿಬ್ಬ ಇರುತ್ತದೆ, ಮನೆಗೆ ಹೊಸಿಲಿದ್ದ ಹಾಗೆ. ಕಾಂಗ್ಸ್‌ಫ್ಯೋರ್ಡ್‌ಗೆ ಆ ಹೊಸಿಲಿಲ್ಲ. ಹೊರಗಿನ ನೀರು ಸಲೀಸಾಗಿ ಒಳಗೆ ಬರುತ್ತದೆ.

ಯಾವ ನೀರು ಬರಬೇಕು ಎಂಬುದರಲ್ಲಿ ಗಾಳಿಯ ಪಾಲು ದೊಡ್ಡದು. ಐಸ್‌ಲ್ಯಾಂಡ್ ಬಳಿ ವಾಯುಭಾರ ಕಡಿಮೆ, ದಕ್ಷಿಣದ ಅಜೋರ್ಸ್ ದ್ವೀಪಗಳ ಬಳಿ ಹೆಚ್ಚು. ಈ ಅಂತರ ಕೆಲವು ವರ್ಷ ಹಿಗ್ಗುತ್ತದೆ, ಕೆಲವು ವರ್ಷ ಕುಗ್ಗುತ್ತದೆ. ಹಿಗ್ಗಿದ ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಜೋರಾಗಿ ಬೀಸಿ, ಅಟ್ಲಾಂಟಿಕ್‌ನ ಬೆಚ್ಚನೆಯ ನೀರನ್ನು ಉತ್ತರಕ್ಕೆ ತಳ್ಳುತ್ತದೆ. ಈ ಏರಿಳಿತಕ್ಕೆ ‘ನಾರ್ತ್ ಅಟ್ಲಾಂಟಿಕ್ ಆಸಿಲೇಶನ್’ ಎಂದು ಹೆಸರಿಟ್ಟವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರು ಹುಡುಕುತ್ತಿದ್ದದ್ದು ನಮ್ಮ ಮುಂಗಾರಿನ ಸುಳಿವು! ಅದಕ್ಕಾಗಿ ಲೋಕದ ಹವಾಮಾನದ ಅಂಕಿಗಳನ್ನೆಲ್ಲ ತಾಳೆ ನೋಡುವಾಗ ಸಿಕ್ಕಿದ್ದು ಇದು. ನನಗೆ ಇದು ಇವತ್ತಿಗೂ ಬೆರಗು.

ನೀರು ಬರೀ ನೀರಲ್ಲ, ತನ್ನ ಜೀವಿಗಳನ್ನೂ ಹೊತ್ತು ತರುತ್ತದೆ. ತಣ್ಣೀರಿನ ಜಾತಿ ಕ್ಯಾಲನಸ್ ಗ್ಲೇಶಿಯಾಲಿಸ್. ಅಟ್ಲಾಂಟಿಕ್ ನೀರಿನ ಜೊತೆ ಬರುವುದು ಕ್ಯಾಲನಸ್ ಫಿನ್‌ಮಾರ್ಕಿಕಸ್. ನೋಡಲು ಅಣ್ಣತಮ್ಮಂದಿರು, ಪರಿಣತರೂ ಎಷ್ಟೋ ಸಲ ತಡಬಡಾಯಿಸುತ್ತಾರೆ. ಆದರೆ ಗ್ಲೇಶಿಯಾಲಿಸ್ ಸಾಮಾನ್ಯವಾಗಿ ದೊಡ್ಡದು. ಅದರೊಳಗಿನ ಎಣ್ಣೆ ಹಲವು ಪಟ್ಟು ಜಾಸ್ತಿ.

2006ರ ಚಳಿಗಾಲದಲ್ಲಿ ಸ್ವಾಲ್ಬಾರ್ಡ್‌ನ ಕರಾವಳಿಯುದ್ದಕ್ಕೂ ದಿನಗಟ್ಟಲೆ ಗಾಳಿ ಬೀಸಿತು. ಬೇಸಿಗೆಯಲ್ಲಿ ಬರುವ ಬೆಚ್ಚನೆಯ ನೀರು ನಡುಚಳಿಯಲ್ಲೇ ನುಗ್ಗಿಬಿಟ್ಟಿತು. ಅಲ್ಲಿಂದ ಈಚೆಗೆ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ಮಂಜುಗಡ್ಡೆ ಮೊದಲಿನಷ್ಟು ಕಟ್ಟುತ್ತಿಲ್ಲ. ಹೀಗಾದಾಗ ಒಂದು ಬೊಗಸೆ ನೀರಿನಲ್ಲಿ ಕ್ಯಾಲನಸ್‌ಗಳ ಎಣಿಕೆ ಕಡಿಮೆಯಾಗಲೇಬೇಕು ಎಂದೇನಿಲ್ಲ. ಆದರೆ ಬೊಗಸೆಯಲ್ಲಿರುವ ಎಣ್ಣೆ ಕಡಿಮೆಯಾಗಬಹುದು. ಸುಮ್ನೆ ತಲೆ ಎಣಿಸಿದರೆ ಇದು ಗೊತ್ತೇ ಆಗುವುದಿಲ್ಲ.

ಲಿಟ್ಲ್ ಆಕ್ ಎಂಬ ಪುಟ್ಟ ಕಪ್ಪುಬಿಳಿ ಕಡಲಹಕ್ಕಿಗೆ ಮಾತ್ರ ಗೊತ್ತಾಗುತ್ತದೆ. ದಿನಕ್ಕೆ ಅದಕ್ಕೆ ಸುಮಾರು 60 ಸಾವಿರ ಕ್ಯಾಲನಸ್ ಬೇಕು ಎನ್ನುತ್ತದೆ ಒಂದು ಲೆಕ್ಕ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹತ್ತಿರದ ನೀರಿನಲ್ಲಿ ಕೊಬ್ಬಿನ ತುತ್ತು ಸಿಗದಿದ್ದರೆ ಮಂಜಿನಂಚಿನ ತನಕ ಹಾರಿ, ಗಂಟಲಿನ ಚೀಲ ಉಬ್ಬುವಷ್ಟು ತುಂಬಿಕೊಂಡು ವಾಪಸ್ಸು ಬರಬೇಕು. ಅಷ್ಟು ಹೊತ್ತು ಮರಿ ಬಂಡೆಯ ಸಂದಿನಲ್ಲಿ ಕಾಯುತ್ತಿರುತ್ತದೆ.