ಮೊದಲ ಬೇಟೆ ರೈಫಲ್: ಕ್ಯಾಲಿಬರ್ ಕೇಳುವ ಮೊದಲು ಭುಜವನ್ನು ಕೇಳಿ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಂಟರ್ ಎಜುಕೇಶನ್ ಕೋರ್ಸ್‌ಗೆ ಕೂತಾಗ ಬರೆದುಕೊಂಡ ಟಿಪ್ಪಣಿಗಳಿವು. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಇಲ್ಲಿ ಬೇಟೆ ಲೈಸೆನ್ಸ್ ತೆಗೆಯಬೇಕಾದರೆ ಸಾಮಾನ್ಯವಾಗಿ ಈ ಕೋರ್ಸ್ ಪಾಸಾಗಬೇಕು. ಈ ಸಲ ನಮ್ಮ ಕನ್ನಡದವರೇ ಮೂವರು ಸೇರಿದ್ದಾರೆ. ಮೂವರೂ ಬೇರೆ ಬೇರೆ ದಿನ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕ್ಯಾಲಿಬರ್ ತಗೊಳ್ಳಲಿ?" ಅಂದರೆ ಎಷ್ಟು ಇಂಚು ದಪ್ಪದ ಗುಂಡಿನ ರೈಫಲ್ ಅಂತ. ಕಳೆದ ವರ್ಷ ನಾನೂ ಅದನ್ನೇ ಕೇಳಿಕೊಂಡು ತಿರುಗುತ್ತಿದ್ದೆ. ಈಗ ಅನಿಸುವುದು, ಅದು ಮೂರನೆಯದೋ ನಾಲ್ಕನೆಯದೋ ಕೇಳಬೇಕಾದ ಪ್ರಶ್ನೆ.

ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಹಾಗಾಗಿ ಇದೆಲ್ಲ ಅಮೆರಿಕದಲ್ಲಿ, ಅದೂ ಮುಖ್ಯವಾಗಿ ವಿಸ್ಕಾನ್ಸಿನ್‌ನ ನವೆಂಬರ್ ತಿಂಗಳ ಒಂಬತ್ತು ದಿನಗಳ ಜಿಂಕೆ ಬೇಟೆಗೆ ಸಂಬಂಧಪಟ್ಟದ್ದು. ನಾನು ಮಲೆನಾಡಿನವನು. ನಮ್ಮ ಅಜ್ಜನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡಿ ನಳಿಗೆ ಕೋವಿ ಇತ್ತು. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುವುದು, ಆಮೇಲೆ ಹೋಗಿ ತರುವುದು, ಇಷ್ಟೇ ನನಗೆ ಕೋವಿಯ ಜೊತೆ ಇದ್ದ ನಂಟು. ರೈಫಲ್ ಅಂದರೆ ಬೇರೆ ಲೋಕ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಮೊದಲು ಕಾಗದ ಪತ್ರ

ಇದನ್ನು ಹಾರಿಸಬೇಡಿ. ಎಚ್-1ಬಿ, ಎಫ್-1 ತರಹದ ವೀಸಾದಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ನಮಗೆ ಉಪಯೋಗಕ್ಕೆ ಬರುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅಂದರೆ ಕ್ರಮ ಹೀಗೆ: ಕೋರ್ಸ್, ಆಮೇಲೆ ಲೈಸೆನ್ಸ್, ಆಮೇಲೆ ರೈಫಲ್. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು, ಆದರೆ ರೈಫಲ್ ಕಪಾಟಿನಲ್ಲೇ ಇರುತ್ತದೆ ಅಲ್ವಾ, ತೊಂದರೆ ಅಲ್ಲೇ ಶುರು. ಗ್ರೀನ್ ಕಾರ್ಡ್ ಇದ್ದವರಿಗೆ ಈ ಕಟ್ಟು ಇಲ್ಲ. ವೀಸಾದಲ್ಲಿ ಇರುವವರು ಅಂಗಡಿಯವರ ಮಾತು ಕೇಳಿ ಸಹಿ ಹಾಕುವ ಬದಲು ಒಬ್ಬ ವಕೀಲರನ್ನು ಕೇಳಿ. ಆ ಖರ್ಚು ಖರ್ಚಲ್ಲ.

ಇನ್ನೊಂದು, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ವಿಸ್ಕಾನ್ಸಿನ್‌ನಲ್ಲಿ ಜಿಂಕೆಗೆ ಬಳಸುವ ರೈಫಲ್ .22 ಅಥವಾ ಅದಕ್ಕಿಂತ ದಪ್ಪದ ಸೆಂಟರ್‌ಫೈರ್ ಆಗಿರಬೇಕು. ಸೆಂಟರ್‌ಫೈರ್ ಅಂದರೆ ತೋಟಾದ ತಳದ ನಡುವೆ ಕಿಡಿ ಹೊತ್ತುವ ಪ್ರೈಮರ್ ಇರುವಂಥದ್ದು. ಮಾಮೂಲಿ .22 ಎಲ್‌ಆರ್ ಅನ್ನುವ ಸಣ್ಣ ತೋಟಾದಲ್ಲಿ ಅದು ಅಂಚಿನಲ್ಲಿರುತ್ತದೆ, ಅದು ರಿಮ್‌ಫೈರ್, ಜಿಂಕೆಗೆ ನಡೆಯುವುದಿಲ್ಲ. ಆದರೆ ಪಕ್ಕದ ಇಲಿನಾಯ್, ಅಯೋವಾ, ಆಚೆಯ ಒಹಾಯೊ ಇಲ್ಲೆಲ್ಲ ಕಥೆ ಬೇರೆ. ಅಲ್ಲಿ ಬಹುಕಾಲ ಮುಖ್ಯವಾಗಿ ಅಜ್ಜನ ಕೋವಿಯಂಥ ಶಾಟ್‌ಗನ್‌ಗೆ ಅವಕಾಶವಿತ್ತು, ಈಗ ನೇರ ಗೋಡೆಯ, ಅಂದರೆ ಕತ್ತು ಕಿರಿದಾಗದ ತೋಟಾ ಹಾಕುವ ರೈಫಲ್‌ಗಳಿಗೂ ಇದೆ. ಬಯಲು ಜಾಗ, ಊರುಗಳು ಹತ್ತಿರ, ಗುಂಡು ತುಂಬಾ ದೂರ ಹೋಗಬಾರದು ಅನ್ನುವ ಲೆಕ್ಕ. .350 ಲೆಜೆಂಡ್ ಅಂತ 2019ರಲ್ಲಿ ಬಂದ ತೋಟಾ ಇಂಥ ರಾಜ್ಯಗಳಿಗೆಂದೇ ಹುಟ್ಟಿದ್ದು. ಷಿಕಾಗೊದಲ್ಲಿರುವ ನಮ್ಮವರು ವಿಸ್ಕಾನ್ಸಿನ್ ಗೆಳೆಯನ ಮಾತು ಕೇಳಿ ಕತ್ತು ಕಿರಿದಾದ ತೋಟಾದ .308 ಕೊಂಡರೆ ಅವರ ರಾಜ್ಯದ ಜಿಂಕೆ ಸೀಸನ್ನಿನಲ್ಲಿ ಅದು ಗೋಡೆಗೆ ಒರಗಿಕೊಂಡೇ ಇರಬೇಕಾಗುತ್ತದೆ.

ಹೆಸರುಗಳ ಗೊಂದಲ

ಕ್ಯಾಲಿಬರ್ ಅಂದರೆ ಗುಂಡಿನ ಅಥವಾ ನಳಿಗೆಯ ಒಳಗಿನ ಅಡ್ಡಳತೆ, ಇಂಚಿನಲ್ಲಿ. .308 ಅಂದರೆ 0.308 ಇಂಚು, ಸುಮಾರು 7.8 ಮಿಲಿಮೀಟರ್. ಇಲ್ಲಿಯವರೆಗೆ ಸಲೀಸು. ಆಮೇಲೆ .30-06 ಬರುತ್ತದೆ. ಅದರ ಗುಂಡಿನ ಅಡ್ಡಳತೆಯೂ 0.308 ಇಂಚೇ. 06 ಅಂದರೆ 1906, ಅಮೆರಿಕದ ಸೇನೆ ಅದನ್ನು ತೆಗೆದುಕೊಂಡ ವರ್ಷ. .30-30ರಲ್ಲಿ ಎರಡನೇ 30 ವರ್ಷವಲ್ಲ, ಮೊದಲು ಅದರಲ್ಲಿ ತುಂಬುತ್ತಿದ್ದ ಹೊಗೆಯಿಲ್ಲದ ಮದ್ದಿನ ತೂಕ, 30 ಗ್ರೇನ್. .270 ವಿಂಚೆಸ್ಟರ್‌ನ ಗುಂಡು ನಿಜಕ್ಕೂ 0.277 ಇಂಚು. ಒಂದು ನಿಯಮ ಹುಡುಕಬೇಡಿ, ಇಲ್ಲ. ನಮ್ಮೂರಿನ ಅಡ್ಡಹೆಸರುಗಳ ಹಾಗೆ, ಇಟ್ಟವರಿಗೆ ಏನು ಕಂಡಿತೋ ಅದು.

ಶಾಟ್‌ಗನ್‌ನ 12 ಬೋರ್ ಅನ್ನುವುದು ಇನ್ನೂ ವಿಚಿತ್ರ. ಒಂದು ಪೌಂಡ್ ಸೀಸದಿಂದ ಸಮನಾದ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅದು 12 ಬೋರ್. 20 ಉಂಡೆ ಮಾಡಿದರೆ 20 ಬೋರ್, ಅಂದರೆ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಅಜ್ಜನದು 12 ಬೋರ್ ಅಂತ ನೂರು ಸಲ ಕೇಳಿದ್ದೇನೆ, ಇದು ಯಾಕೆ 12 ಅಂತ ಒಂದು ಸಲವೂ ಕೇಳಿರಲಿಲ್ಲ.

ಗ್ರೇನ್ ಅಂದರೆ ತೂಕ, 7000 ಗ್ರೇನ್‌ಗೆ ಒಂದು ಪೌಂಡ್. 150 ಗ್ರೇನ್ ಗುಂಡು ಸುಮಾರು 9.7 ಗ್ರಾಂ. ಕೋರ್ಸ್‌ನಲ್ಲಿ ಒಬ್ಬರು ಇದನ್ನು ಮದ್ದಿನ ಕಾಳುಗಳ ಎಣಿಕೆ ಅಂದುಕೊಂಡಿದ್ದರು. ಗುಟ್ಟಾಗಿ ಹೇಳಿದರೆ ನಾನೂ.

ಹೆಸರು ಸರಿಯಾಗಿ ಓದುವುದು ಪರೀಕ್ಷೆಗಷ್ಟೇ ಅಲ್ಲ, ಪ್ರಾಣಕ್ಕೂ ಬೇಕು. ನಳಿಗೆಯ ಮೇಲೆ ಏನು ಕೊರೆದಿದೆಯೋ ಅದೇ ಹೆಸರು ತೋಟಾದ ತಳದಲ್ಲಿ ಮತ್ತು ಡಬ್ಬಿಯ ಮೇಲೆ ಇರಬೇಕು, ಅಕ್ಷರಕ್ಕೆ ಅಕ್ಷರ. .300 ಬ್ಲಾಕ್‌ಔಟ್ ತೋಟಾ .223 ರೈಫಲ್‌ನೊಳಗೆ ಕೂತುಬಿಡಬಹುದು. ಹೊಡೆದರೆ ದಪ್ಪ ಗುಂಡಿಗೆ ಸಣ್ಣ ನಳಿಗೆಯಲ್ಲಿ ದಾರಿಯಿಲ್ಲ, ರೈಫಲ್ ನಿಮ್ಮ ಮುಖದ ಮುಂದೆ ಒಡೆಯುತ್ತದೆ. ಎರಡನ್ನೂ ಒಂದೇ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಒದೆತದ ಲೆಕ್ಕ

ಈಗ ನಿಜವಾದ ವಿಷಯ. ಕೋವಿ ಒದೆಯುತ್ತದೆ ಅಂತ ಊರಲ್ಲಿ ಹೇಳುತ್ತಾರಲ್ಲ, ಅದೇ ರೀಕಾಯಿಲ್. ಪಿಯುಸಿ ಫಿಸಿಕ್ಸ್‌ನಲ್ಲಿ ಸಂವೇಗ ಸಂರಕ್ಷಣೆ ಪಾಠಕ್ಕೆ ಬಂದೂಕಿನ ಉದಾಹರಣೆ ಇತ್ತು, ನೆನಪಿದೆಯಾ? ಅದನ್ನೇ ಇಲ್ಲಿ ಮಾಡೋಣ.

.308ರಲ್ಲಿ ಗುಂಡು 0.0097 ಕೆಜಿ, ವೇಗ ಸೆಕೆಂಡಿಗೆ ಸುಮಾರು 860 ಮೀಟರ್. ಗುಣಿಸಿದರೆ 8.3. ಗುಂಡಿನ ಹಿಂದೆ ಮದ್ದು ಸುಟ್ಟ ಅನಿಲವೂ ಹೊರಗೆ ಹೋಗುತ್ತದೆ. ಅದು ಸುಮಾರು 3 ಗ್ರಾಂ, ವೇಗ 1300 ಮೀಟರ್ ಅಂತ ಹಿಡಿದರೆ 3.9. ಒಟ್ಟು 12.2. ಸ್ಕೋಪ್ (ಗುರಿ ನೋಡುವ ದುರ್ಬೀನು) ಸೇರಿ ರೈಫಲ್ 3.4 ಕೆಜಿ ಇದ್ದರೆ ಅದು ಸೆಕೆಂಡಿಗೆ 3.6 ಮೀಟರ್ ವೇಗದಲ್ಲಿ ನಿಮ್ಮ ಭುಜಕ್ಕೆ ಬರುತ್ತದೆ. ಶಕ್ತಿ ಸುಮಾರು 22 ಜೂಲ್. ಗುಂಡಿನ ಶಕ್ತಿ ನೋಡಿದರೆ 3600 ಜೂಲ್‌ಗೆ ಹತ್ತಿರ! ಸಂವೇಗ ಎರಡೂ ಕಡೆ ಸಮ, ಆದರೆ ಶಕ್ತಿಯಲ್ಲಿ ವೇಗದ ವರ್ಗ ಬರುವುದರಿಂದ ಹಗುರವಾದ ಗುಂಡಿಗೇ ಹೆಚ್ಚು ಪಾಲು. ನಾವು ಬದುಕಿ ಉಳಿಯುವುದು ಅದಕ್ಕೇ.

ಇದೇ ಲೆಕ್ಕವನ್ನು .243 ವಿಂಚೆಸ್ಟರ್‌ಗೆ, 100 ಗ್ರೇನ್ ಗುಂಡಿಗೆ ಮಾಡಿದರೆ ಸುಮಾರು 13 ಜೂಲ್. .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ, 180 ಗ್ರೇನ್‌ಗೆ ಸುಮಾರು 40. ಅಂದರೆ .243ರ ಮೂರು ಪಟ್ಟು. ಇನ್ನೊಂದು ಮಾಡಿ ನೋಡಿ: ಅದೇ .308 ಅನ್ನು 2.7 ಕೆಜಿಯ ಹಗುರ ರೈಫಲ್‌ನಿಂದ ಹೊಡೆದರೆ 22 ಇದ್ದದ್ದು 27–28 ಆಗುತ್ತದೆ. ಅಂಗಡಿಯಲ್ಲಿ ಎತ್ತಿ ನೋಡಿ "ಆಹಾ ಎಷ್ಟು ಹಗುರ" ಅಂತ ಖುಷಿಪಡುವ ಮೊದಲು ಇದು ನೆನಪಿರಲಿ.

ನೋವು ಇಲ್ಲಿ ದೊಡ್ಡ ವಿಷಯವಲ್ಲ, ಅಳುಕು ದೊಡ್ಡ ವಿಷಯ. ನಾನು ಮೊದಲ ಸಲ ಹೊಡೆದದ್ದು ಗೆಳೆಯನ .300 ಮ್ಯಾಗ್ನಮ್. ಕಣ್ಣನ್ನು ಸ್ಕೋಪ್‌ಗೆ ತೀರಾ ಹತ್ತಿರ ಇಟ್ಟಿದ್ದೆ. ಸುಮಾರು 9 ಸೆಂಟಿಮೀಟರ್ ದೂರ ಇರಬೇಕಿತ್ತು, ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಗಾಯ. ಗಾಯ ವಾರದಲ್ಲಿ ಮಾಯಿತು. ಆದರೆ ಆಮೇಲೆ ಎರಡು ತಿಂಗಳು ಯಾವ ರೈಫಲ್ ಹಿಡಿದರೂ ಕುದುರೆ (ಟ್ರಿಗರ್) ಎಳೆಯುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಭುಜ ತಾನಾಗಿಯೇ ಮುಂದೆ ತಳ್ಳುತ್ತಿತ್ತು, ಗುಂಡು ಗುರಿಯ ಕೆಳಗೆ ಎಲ್ಲೋ ಮಣ್ಣಿಗೆ. ನನಗೆ ಅದು ಗೊತ್ತೇ ಆಗಿರಲಿಲ್ಲ, ಸ್ಕೋಪ್ ಕೆಟ್ಟಿದೆ ಅಂತ ವಾದ ಮಾಡುತ್ತಿದ್ದೆ.

ಕಂಡುಹಿಡಿದ ಬಗೆ ಹೇಳುತ್ತೇನೆ, ನೀವೂ ಮಾಡಿ. ರೇಂಜ್‌ನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಗೆಳೆಯ ತೋಟಾ ತುಂಬಿ ಕೊಡಬೇಕು, ನಿಮಗೆ ತೋರಿಸಬಾರದು. ನಡುನಡುವೆ ಒಂದು ಡಮ್ಮಿ, ಅಂದರೆ ಮದ್ದಿಲ್ಲದ ತೋಟಾ ಹಾಕಬೇಕು. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆ ತುದಿ ಕೆಳಕ್ಕೆ ಕುಕ್ಕಿದರೆ ಅದು ನಿಮ್ಮ ಅಳುಕು. ನನ್ನ ನಳಿಗೆ ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ಕಿತು. ಗೆಳೆಯ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಒಂದು ತಿಂಗಳು ಬರೀ .22 ಎಲ್‌ಆರ್‌ನಲ್ಲಿ ಅಭ್ಯಾಸ ಮಾಡಿ ಅದನ್ನು ಬಿಡಿಸಿಕೊಂಡೆ. ತೋಟಾ ಅಗ್ಗ, ಒದೆತ ಇಲ್ಲವೇ ಇಲ್ಲ. ಸಾಧ್ಯವಾದರೆ ಮೊದಲು .22 ಒಂದನ್ನು ಕೊಳ್ಳಿ, ಇಲ್ಲ ಎರವಲು ತನ್ನಿ.

ಎಷ್ಟು ಶಕ್ತಿ ಸಾಕು?

ಇಲ್ಲಿಯ ಬಿಳಿಬಾಲದ ಜಿಂಕೆ ಆನೆಯಲ್ಲ. ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ, ಒಂದು ಪೇಪರ್ ತಟ್ಟೆಯಷ್ಟು. ಅಲ್ಲಿಗೆ ಬಿದ್ದ .243 ಗುಂಡು ಜಿಂಕೆಯನ್ನು ಬೇಗ ಕೊಲ್ಲುತ್ತದೆ, ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡು ಅದನ್ನು ಇಡೀ ರಾತ್ರಿ ನರಳಿಸುತ್ತದೆ. ಆದ್ದರಿಂದ ದೊಡ್ಡ ಕ್ಯಾಲಿಬರ್ ತಪ್ಪು ಗುರಿಯನ್ನು ಮುಚ್ಚಿಹಾಕುತ್ತದೆ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಬೆಂಚಿನ ಮೇಲೆ ಒರಗಿಸಿ ಅಲ್ಲ, ಕಾಡಿನಲ್ಲಿ ಕೂರುವ ಹಾಗೆ ಮೊಣಕಾಲೂರಿ, ಯಾವ ದೂರದಿಂದ ಪ್ರತಿ ಗುಂಡನ್ನೂ ಆ ತಟ್ಟೆಗೆ ಹೊಡೆಯಬಲ್ಲಿರೋ ಅದೇ ನಿಮ್ಮ ದೂರ. ನನ್ನದು ಸದ್ಯಕ್ಕೆ 90 ಗಜ. ರೈಫಲ್ 300 ಗಜ ಹೊಡೆಯುತ್ತದೆ, ನಾನು ಹೊಡೆಯುವುದಿಲ್ಲ.

ಗುಂಡು ಯಾವ ಬಗೆಯದು ಅನ್ನುವುದು ಕ್ಯಾಲಿಬರ್‌ಗಿಂತ ಮುಖ್ಯ ಅನಿಸುತ್ತದೆ. ಬೇಟೆಗೆ ಒಳಹೊಕ್ಕು ಅರಳುವ ಗುಂಡು ಬೇಕು, ಸಾಫ್ಟ್ ಪಾಯಿಂಟ್ ತರಹದ್ದು. ಪೂರ್ತಿ ಲೋಹದ ಹೊದಿಕೆಯ ಗುಂಡು ಸೂಜಿಯ ಹಾಗೆ ಆಚೆ ಹೋಗಿಬಿಡುತ್ತದೆ, ಪ್ರಾಣಿ ಗಾಯಗೊಂಡು ಓಡುತ್ತದೆ. ಅದು ಅಗ್ಗ, ರೇಂಜ್‌ಗೆ ಸರಿ, ಕಾಡಿಗೆ ಬೇಡ.

ಹಾಗಾದರೆ ಯಾವುದು? .243 ಬಂದದ್ದು 1955ರಲ್ಲಿ, .308ರ ಕತ್ತನ್ನೇ ಕಿರಿದು ಮಾಡಿ. ಸಣ್ಣ ಮೈಯವರಿಗೆ, ಒದೆತಕ್ಕೆ ಹೆದರುವವರಿಗೆ ಒಳ್ಳೆಯದು, ಆದರೆ ಮುಂದೆ ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ಹೋಗುವ ಆಸೆ ಇದ್ದರೆ ಸಾಲದು. .30-06 ನೂರು ವರ್ಷ ದಾಟಿದರೂ ಇನ್ನೂ ಗಟ್ಟಿ. ಅದರ ಹಿತ್ತಾಳೆ ಕೋಶ 63 ಮಿಲಿಮೀಟರ್, .308ರದು 51, ಹಾಗಾಗಿ ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಸ್ವಲ್ಪ ಜಾಸ್ತಿ ಹಿಂದೆ ಎಳೆಯಬೇಕು, ಒದೆತವೂ ಒಂದು ಕೈ ಮೇಲು. .30-30 ಹಾಕುವ ಲಿವರ್ ರೈಫಲ್ (ಕುದುರೆಯ ಕೆಳಗಿನ ಹಿಡಿಕೆ ಎಳೆದು ತೋಟಾ ಏರಿಸುವಂಥದ್ದು) ನೋಡೋಕೆ ಚಂದ, ದಟ್ಟ ಕಾಡಿಗೆ ಹೇಳಿ ಮಾಡಿಸಿದ್ದು. ಒಂದೇ ಎಚ್ಚರಿಕೆ: ಅದರಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಕೂರುತ್ತವೆ, ಗಟ್ಟಿ ಚೂಪು ಗುಂಡಿನ ಮೊನೆ ಮುಂದಿನ ತೋಟಾದ ಪ್ರೈಮರ್‌ಗೆ ತಾಗುತ್ತದೆ. ಅದಕ್ಕೆ ಚಪ್ಪಟೆ ಮೂತಿಯ ಗುಂಡು, ಇಲ್ಲ ಮೆತ್ತನೆ ತುದಿಯದು.

6.5 ಕ್ರೀಡ್‌ಮೂರ್ ಅನ್ನುವ ತೋಟಾ ಬಗ್ಗೆ ಎಲ್ಲರೂ ಬಾಯಿತುಂಬಾ ಹೊಗಳುತ್ತಾರೆ. ಕೆಟ್ಟದ್ದೇನಲ್ಲ. ಒದೆತ .308ಕ್ಕಿಂತ ಕಡಿಮೆ, ದೂರಕ್ಕೆ ನೇರ ಹೋಗುತ್ತದೆ. ಆದರೆ ವಿಸ್ಕಾನ್ಸಿನ್ ಕಾಡಿನಲ್ಲಿ ಮರಗಳ ನಡುವೆ 80 ಗಜ ಕಂಡರೆ ಪುಣ್ಯ, ಅಲ್ಲಿ ಆ ನೇರ ಹಾರಾಟದಿಂದ ಏನು ಲಾಭ? ಒದೆತ ಕಡಿಮೆ ಅಂತ ತಗೊಳ್ಳಿ, ಸರಿ. 800 ಗಜದ ವಿಡಿಯೊ ನೋಡಿ ಸುಮ್ನೆ ತಗೊಳ್ಳಬೇಡಿ.

ರೈಫಲ್ ಬಗ್ಗೆ ಚಿಕ್ಕದಾಗಿ. ಹೊಸಬರಿಗೆ ಬೋಲ್ಟ್ ಆಕ್ಷನ್. ಪ್ರತಿ ಸಲ ಕೈಯಾರೆ ತೆರೆದು ಮುಚ್ಚಬೇಕು, ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಭುಜಕ್ಕೆ ಒರಗುವ ಹಿಡಿಯ ಹಿಂತುದಿಯಿಂದ ಕುದುರೆಯವರೆಗಿನ ಅಳತೆ ನಿಮ್ಮ ತೋಳಿಗೆ ಹೊಂದಬೇಕು. ಸಾಮಾನ್ಯವಾಗಿ ಅದು ಹದಿಮೂರೂವರೆ ಇಂಚಿನ ಆಸುಪಾಸು, ನಮ್ಮ ಕಡೆಯ ಕುಳ್ಳಗಿನ ಗಂಡಸರಿಗೆ, ಹೆಂಗಸರಿಗೆ ಉದ್ದವಾಗುತ್ತದೆ, ಅದಕ್ಕೆ ಗಿಡ್ಡ ಹಿಡಿಯದು ಕೇಳಿ ತಗೊಳ್ಳಿ. ಅಂಗಡಿಗೆ ಹೋಗುವಾಗ ನವೆಂಬರ್‌ನಲ್ಲಿ ಹಾಕುವ ದಪ್ಪ ಜಾಕೆಟ್ ತೊಟ್ಟೇ ಹೋಗಿ, ಬೇಸಿಗೆಯಲ್ಲಿ ಬೆವರಿದರೂ ಸರಿ. ಟೀ-ಶರ್ಟಿನಲ್ಲಿ ಹೊಂದಿದ್ದು ಜಾಕೆಟ್ ಮೇಲೆ ಹೊಂದುವುದಿಲ್ಲ. ಅಂದ ಹಾಗೆ ಆ ಜಾಕೆಟ್ ಸೊಂಟದ ಮೇಲೆ ಅರ್ಧದಷ್ಟಾದರೂ ಉರಿ ಕಿತ್ತಳೆ ಬಣ್ಣ ಇರಬೇಕು, 2016ರಿಂದ ಉರಿ ಗುಲಾಬಿಯೂ ನಡೆಯುತ್ತದೆ.

ಕೊಳ್ಳುವ ಮೊದಲು ಒಂದು ಸೀಸನ್ ಯಾರ ಜೊತೆಗಾದರೂ ಹೋಗಿ ಬರುವುದು ಜಾಣತನ. ಇಲ್ಲಿ ಮೆಂಟರ್ ಬೇಟೆ ಅಂತ ಇದೆ. ಕೋರ್ಸ್ ಆಗದಿದ್ದರೂ ಲೈಸೆನ್ಸ್ ಸಿಗುತ್ತದೆ, ಅನುಭವಿಯೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಬೇಕು. ಚಳಿಯಲ್ಲಿ ಆರು ಗಂಟೆ ಅಲುಗಾಡದೆ ಕೂರುವುದು ನಿಮ್ಮಿಂದ ಆಗುತ್ತದೋ ಇಲ್ಲವೋ ಅನ್ನುವುದಾದರೂ ಗೊತ್ತಾಗುತ್ತದೆ.

ನಾನು ಕೊನೆಗೆ ತಗೊಂಡದ್ದು ಯಾರೋ ಬಳಸಿದ್ದ .308, ಬೋಲ್ಟ್ ಆಕ್ಷನ್, 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ 3-9×40 ಸ್ಕೋಪ್ ಸಮೇತ. ಕಾರಣ ಬಹಳ ಸಪ್ಪೆ. ನಾವು ಬೇಟೆಗೆ ಹೋಗುವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕೇ ಬಗೆಯ ತೋಟಾ ಇತ್ತು, .30-06, .308, .30-30, .243. ತೋಟಾ ಡಬ್ಬಿಯನ್ನು ಮನೆಯಲ್ಲೇ ಮರೆತು ನಾಲ್ಕು ಗಂಟೆ ಕಾರು ಓಡಿಸಿ ಹೋದವರಿಗೆ ಆ ನಾಲ್ಕರಲ್ಲಿ ಒಂದು ಬೇಕು. ಮರೆತವನು ಯಾರು ಅಂತ ಕೇಳಬೇಡಿ.